ಒಂದು ಮನೆ, ಎರಡು ಕೀಲಿಕೈ

ಮೊನ್ನೆ ಭಾನುವಾರ ಮಧ್ಯಾಹ್ನ ಟಿವಿಯಲ್ಲಿ ‘ಗಣೇಶನ ಮದುವೆ’ ಬಂದಿತ್ತು. ಎಷ್ಟನೇ ಸಲವೋ ಲೆಕ್ಕ ಇಟ್ಟವರಾರು? ಆದರೂ ಒಲೆ ಮೇಲಿನ ಸಾರನ್ನು ಸಣ್ಣ ಉರಿಗಿಟ್ಟು ಬಂದು ಕೂತುಬಿಟ್ಟೆ. ನಮ್ಮತ್ತೆಯವರಂತೂ ‘ಈಗ ನೋಡು, ಮತ್ತ ಜಗಳ ಸುರು’ ಎಂದು ಮುಂದಿನ ಸೀನನ್ನು ಮೊದಲೇ ಹೇಳಿ, ಆ ಸೀನು ಬಂದಾಗ ಹೊಸದಾಗಿ ನೋಡುವವರಂತೆ ನಗುತ್ತಿದ್ದರು. ನಮ್ಮ ಮಹಡಿ ಮೇಲಿನ ಪೋರ್ಷನ್ನಿನಲ್ಲಿ ಬಾಡಿಗೆಗಿರುವ ಇಬ್ಬರೂ ಕೆಳಗಿಳಿದು ಬಂದು, ಒಂದೇ ಚಾಪೆ ಮೇಲೆ, ಒಂದೇ ತಟ್ಟೆಯ ಮಂಡಕ್ಕಿ ತಿನ್ನುತ್ತಾ ಕೂತಿದ್ದರು.

ನಾನು ಸಿನಿಮಾ ನೋಡುವುದಕ್ಕಿಂತ ಹೆಚ್ಚಾಗಿ ಅವರಿಬ್ಬರನ್ನೇ ನೋಡಿದೆ. ಯಾಕೆಂದರೆ, ಈ ಮನೆಗೆ ಬಂದ ಮೊದಲ ತಿಂಗಳು ಇವರಿಬ್ಬರೂ ಬೇರೆ ಬೇರೆಯಾಗಿ ನನ್ನ ಹತ್ತಿರ ಬಂದು ಹೇಳಿದ್ದು ಒಂದೇ ಮಾತು, ‘ಅಕ್ಕಾ, ಆಕಿ ಜೊತಿ ನಂಗ ಇರಾಕ ಆಗಲ್ರಿ!’

ನಿಮಗೂ ಇಂಥ ಅನುಭವ ಆಗಿರಬಹುದು. ಹಾಸ್ಟೆಲಿನ ಕೋಣೆಯಲ್ಲಿ, ಕೆಲಸಕ್ಕೆಂದು ಹೋದ ಊರಿನ ಬಾಡಿಗೆ ಮನೆಯಲ್ಲಿ, ಮದುವೆಯಾಗಿ ಕಾಲಿಟ್ಟ ಗಂಡನ ಮನೆಯಲ್ಲಿ. ಗುರುತಿಲ್ಲದ, ಗುಣ ಹೊಂದದ ಒಬ್ಬರ ಜತೆ ಒಂದೇ ಸೂರಿನಡಿ ಬದುಕಬೇಕಾದ ಪ್ರಸಂಗ ಹೆಣ್ಣಾದವಳಿಗೆ ಒಂದಲ್ಲ ಒಂದು ಸಲ ಬಂದೇ ಬರುತ್ತದೆ. ಅದನ್ನು ಹೇಗೆ ನಿಭಾಯಿಸಬೇಕು ಅನ್ನುವುದು ಇವತ್ತಿನ ಮಾತು.

ವಠಾರದ ಜಗಳ, ಕಾಗದದ ಪ್ರೀತಿ

‘ಗಣೇಶನ ಮದುವೆ’ 1990ರ ಚಿತ್ರ. ನಿರ್ದೇಶನ ಫಣಿ ರಾಮಚಂದ್ರ ಅವರದು. ತೆಲುಗಿನ ಜನಪ್ರಿಯ ಲೇಖಕ ಮಲ್ಲಾದಿ ವೆಂಕಟ ಕೃಷ್ಣಮೂರ್ತಿಯವರ ಕಾದಂಬರಿ ಇದಕ್ಕೆ ಆಧಾರ. ಸಂಗೀತ ರಾಜನ್–ನಾಗೇಂದ್ರ ಜೋಡಿಯದು. ಅನಂತ್ ನಾಗ್, ವಿನಯಾ ಪ್ರಸಾದ್ ನಾಯಕ–ನಾಯಕಿ. ವಠಾರದ ಮಾಲೀಕನಾಗಿ ಮುಖ್ಯಮಂತ್ರಿ ಚಂದ್ರು. ಮರುವರ್ಷ, 1991ರಲ್ಲಿ, ಇದೇ ನಿರ್ದೇಶಕರ ‘ಗೌರಿ ಗಣೇಶ’ ಕೂಡ ಇದೇ ಜೋಡಿಯೊಂದಿಗೆ ಬಂದು ಮನೆಮಂದಿಯನ್ನೆಲ್ಲ ನಗಿಸಿತು. ಅನಂತ್ ನಾಗ್ ಅವರಿಗೆ 2025ರಲ್ಲಿ ಪದ್ಮಭೂಷಣ ಬಂದಾಗ ನಮ್ಮ ಓಣಿಯ ಹೆಂಗಸರು ಮೊದಲು ನೆನೆಸಿಕೊಂಡದ್ದು ಈ ವಠಾರದ ಬಾಡಿಗೆದಾರನನ್ನೇ!

ಕಥೆ ನಿಮಗೆ ಗೊತ್ತೇ ಇದೆ. ವಠಾರದ ಬಾಡಿಗೆದಾರನಿಗೂ ಮಾಲೀಕನಿಗೂ ಹಾವು–ಮುಂಗುಸಿ ಸಂಬಂಧ. ಮಾಲೀಕನ ಮಗಳು ಆದಿಲಕ್ಷ್ಮಿಯೂ ಜಗಳದಲ್ಲಿ ಅಪ್ಪನಿಗೇನೂ ಕಡಿಮೆಯಿಲ್ಲ. ಎದುರಾದರೆ ಸಾಕು, ಕಿಡಿ! ಆದರೆ ಇದೇ ಆದಿಲಕ್ಷ್ಮಿ ‘ಶ್ರುತಿ’ ಎಂಬ ಹೆಸರಿನಲ್ಲಿ ಹಾಡುತ್ತಾಳೆ. ಆ ದನಿಗೆ ಮನಸೋತ ಬಾಡಿಗೆದಾರ ‘ವೈ.ಜಿ. ರಾವ್’ ಎಂಬ ಹೆಸರಿನಲ್ಲಿ ಆಕೆಗೆ ಪತ್ರ ಬರೆಯುತ್ತಾನೆ. ಕಾಗದದ ಮೇಲೆ ಇಬ್ಬರಿಗೂ ಪ್ರೀತಿ. ಕಣ್ಣೆದುರು ಇಬ್ಬರಿಗೂ ದ್ವೇಷ. ತಾನು ಪ್ರೀತಿಸುವವರೂ ಬೈಯುವವರೂ ಒಬ್ಬರೇ ಅನ್ನುವುದು ಇಬ್ಬರಿಗೂ ಗೊತ್ತಿಲ್ಲ.

ನಕ್ಕು ನಕ್ಕು ಸುಸ್ತಾದ ಮೇಲೆ ಸ್ವಲ್ಪ ಯೋಚಿಸಿ. ಅದೇ ಹುಡುಗ, ಅದೇ ಹುಡುಗಿ. ಪತ್ರದಲ್ಲಿ ಜೇನಾಗಿದ್ದವರು ಅಂಗಳದಲ್ಲಿ ಮೆಣಸಿನಕಾಯಿ ಆದದ್ದು ಯಾಕೆ?

ನನಗನ್ನಿಸುವುದು ಇಷ್ಟು. ಅಂಗಳದಲ್ಲಿ ನಮಗೆ ಕಾಣುವುದು ಇನ್ನೊಬ್ಬರ ಅಭ್ಯಾಸಗಳು ಮಾತ್ರ. ನೀರು ಚೆಲ್ಲಿದರು, ಬಾಗಿಲು ಬಡಿದರು, ಜೋರಾಗಿ ಕೆಮ್ಮಿದರು. ಪತ್ರದಲ್ಲಿ ಮನಸ್ಸು ಕಾಣುತ್ತದೆ. ಒಂದೇ ಸೂರಿನಡಿ ಇರುವವರು ಒಬ್ಬರ ಅಭ್ಯಾಸವನ್ನು ಇನ್ನೊಬ್ಬರು ಬಾಯಿಪಾಠ ಮಾಡಿರುತ್ತಾರೆ, ಮನಸ್ಸನ್ನು ಮಾತ್ರ ಓದಿರುವುದಿಲ್ಲ.

ಎಂಟು ದಶಕದ ಹಿಂದಿನ ಬಚ್ಚಲುಮನೆ ಟೈಂಟೇಬಲ್

ಇದು ನಮ್ಮ ವಠಾರದ ಕಥೆ ಮಾತ್ರ ಅಲ್ಲ. 1943ರಲ್ಲಿ ಹಾಲಿವುಡ್ಡಿನಲ್ಲಿ ‘ದಿ ಮೋರ್ ದಿ ಮೆರಿಯರ್’ ಎಂಬ ಚಿತ್ರ ಬಂತು. ಜಾರ್ಜ್ ಸ್ಟೀವನ್ಸ್ ನಿರ್ದೇಶಕರು. ಎರಡನೇ ಮಹಾಯುದ್ಧದ ಕಾಲ, ವಾಷಿಂಗ್ಟನ್ನಿನಲ್ಲಿ ಮನೆಗಳಿಗೆ ಭಾರಿ ಬರ. ನೌಕರಿ ಮಾಡುವ ಒಬ್ಬ ಹೆಣ್ಣುಮಗಳು (ಆ ಪಾತ್ರ ಜೀನ್ ಆರ್ಥರ್ ಅವರದು) ತನ್ನ ಮನೆಯ ಅರ್ಧ ಭಾಗ ಬಾಡಿಗೆಗೆ ಕೊಡಲು ಹೊರಡುತ್ತಾಳೆ. ಬಂದು ಸೇರಿಕೊಂಡವನು ಒಬ್ಬ ಹಟಮಾರಿ ಮುದುಕ. ಅವನು ತನ್ನ ಪಾಲಿನ ಅರ್ಧದಲ್ಲಿ ಅರ್ಧವನ್ನು ಆಕೆಗೆ ಹೇಳದೆ ಕೇಳದೆ ಒಬ್ಬ ಯುವಕನಿಗೆ ಕೊಟ್ಟುಬಿಡುತ್ತಾನೆ!

ಆ ಚಿತ್ರದಲ್ಲಿ ನನಗೆ ಮರೆಯಲಾಗದ ಸೀನು ಎಂದರೆ ಬೆಳಗಿನ ಟೈಂಟೇಬಲ್. ಬಚ್ಚಲಿಗೆ ಯಾರು ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಹೋಗಬೇಕು, ಕಾಫಿ ಯಾವಾಗ, ಹೊಸ್ತಿಲು ದಾಟುವುದು ಯಾವಾಗ ಎಂದು ಆಕೆ ನಿಮಿಷ ನಿಮಿಷಕ್ಕೂ ಲೆಕ್ಕ ಹಾಕಿ ಕೊಡುತ್ತಾಳೆ. ಅದು ಮೊದಲ ದಿನವೇ ಎಕ್ಕುಟ್ಟಿ ಹೋಗುತ್ತದೆ. ಆದರೆ ಆಕೆ ಮನೆ ಬಿಟ್ಟು ಹೋಗಿ ಅಂದದ್ದು ಅದಕ್ಕಲ್ಲ. ಅವರು ತನ್ನ ಡೈರಿ ಓದಿದರು ಅನ್ನುವ ಕಾರಣಕ್ಕೆ. ಗಮನಿಸಿ, ಬಚ್ಚಲಿನ ಜಗಳ ನಗುವಿನಲ್ಲಿ ಮುಗಿಯುತ್ತದೆ, ಡೈರಿಯ ಜಗಳ ಮುಗಿಯುವುದಿಲ್ಲ. ಮನೆ ಹಂಚಿಕೊಳ್ಳಬಹುದು. ಆದರೆ ಕೇಳದೇ ಕೈಹಾಕಬಾರದ ಒಂದು ಮೂಲೆ ಪ್ರತಿಯೊಬ್ಬರಿಗೂ ಇರುತ್ತದೆ.

ನಮ್ಮೂರಿನ ಮಾತಿಗೆ ಬರೋಣ

ಹೊಸಪೇಟೆಯಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಗೊತ್ತು ಅದರ ಕಷ್ಟ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಹೋಗುವವರು, ಹಂಪಿಯ ಹೋಟೆಲು–ಗೈಡ್ ಕೆಲಸದವರು, ಡ್ಯಾಂ ನೌಕರರು, ಹಂಪಿ ಕನ್ನಡ ವಿಶ್ವವಿದ್ಯಾಲಯಕ್ಕೆ ಓದಲು ಬಂದವರು, ಎಲ್ಲರಿಗೂ ಇಲ್ಲೇ ಅಕ್ಕಪಕ್ಕ ಮನೆ ಬೇಕು. ಗಣಿ ಜೋರಿದ್ದ ಕಾಲದಲ್ಲಿ ಕೇಳಿದಷ್ಟು ಬಾಡಿಗೆ ಕೊಡುವವರಿದ್ದರು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿದಾಗ ನಮ್ಮ ಓಣಿಯಲ್ಲೇ ‘ಮನೆ ಬಾಡಿಗೆಗೆ ಇದೆ’ ಎಂಬ ಬೋರ್ಡುಗಳು ತೂಗಿದ್ದನ್ನು ಕಂಡಿದ್ದೇನೆ. 2021ರಲ್ಲಿ ವಿಜಯನಗರ ಜಿಲ್ಲೆಯಾಗಿ ಹೊಸಪೇಟೆ ಜಿಲ್ಲಾ ಕೇಂದ್ರವಾದ ಮೇಲೆ ಆಫೀಸುಗಳು ಬಂದವು, ಮನೆ ಕೇಳುವವರೂ ಮತ್ತೆ ಬಂದರು.

ಇದರಲ್ಲಿ ಒಂಟಿ ಹೆಣ್ಣುಮಕ್ಕಳ ಪಾಡು ಬೇರೆಯೇ. ‘ಫ್ಯಾಮಿಲಿಗೆ ಮಾತ್ರ’ ಅನ್ನುತ್ತಾರೆ ಮಾಲೀಕರು. ಒಬ್ಬಳ ಸಂಬಳದಲ್ಲಿ ಒಂದು ಮನೆ ಆಗುವುದಿಲ್ಲ. ಹಾಗಾಗಿ ಗುರುತಿಲ್ಲದ ಇಬ್ಬರು ಸೇರಿ ಒಂದು ಮನೆ ಹಿಡಿಯುವುದು ಅನಿವಾರ್ಯ.

2024ರ ಜೂನ್‌ನಲ್ಲಿ ನಮ್ಮ ಮೇಲಿನ ಪೋರ್ಷನ್ ಖಾಲಿಯಾಯಿತು. ಒಂದು ಹಾಲು, ಒಂದು ಬೆಡ್‌ರೂಮು, ಅಡುಗೆಮನೆ, ಒಂದೇ ಬಚ್ಚಲು. ಮೊದಲು ಕೇಳಿಕೊಂಡು ಬಂದವರು ಕಂಪ್ಲಿ ಕಡೆಯ ಒಬ್ಬ ಟೀಚರು. ನಲವತ್ತರ ಹತ್ತಿರದ ವಯಸ್ಸು, ಒಬ್ಬರೇ. ಮರುದಿನ ಬಂದವಳು ಸಂಡೂರು ಕಡೆಯ ಹುಡುಗಿ. ಇಪ್ಪತ್ನಾಲ್ಕು ವರ್ಷ, ಲ್ಯಾಬ್ ಟೆಕ್ನಿಷಿಯನ್, ವಾರದಲ್ಲಿ ನಾಲ್ಕು ದಿನ ರಾತ್ರಿಪಾಳಿ. ಇಬ್ಬರಿಗೂ ಪೂರ್ತಿ ಬಾಡಿಗೆ ಭಾರ. ನಮ್ಮತ್ತೆಯೇ ತೀರ್ಮಾನ ಕೊಟ್ಟರು, ‘ಇಬ್ರೂ ಸೇರಿ ಇರ್ರಿ. ಹೆಣ್ಮಕ್ಳು, ಹೊಂದ್ಕೋತೀರಿ ಬಿಡ್ರಿ.’

ಹೆಣ್ಣುಮಕ್ಕಳು ಹೊಂದಿಕೊಳ್ಳುತ್ತಾರೆ! ಈ ಮಾತನ್ನು ನಾವು ಎಷ್ಟು ಸಲೀಸಾಗಿ ಹೇಳುತ್ತೇವಲ್ಲವಾ? ಹೇಗೆ ಹೊಂದಿಕೊಳ್ಳಬೇಕು ಎಂದು ಮಾತ್ರ ಯಾರೂ ಹೇಳಿಕೊಡುವುದಿಲ್ಲ.

ಟೀಚರು ನಾಲ್ಕೂವರೆಗೆ ಎದ್ದು ಗಂಟೆ ಬಾರಿಸಿ ಪೂಜೆ ಮಾಡುವವರು. ರಾತ್ರಿ ಒಂಬತ್ತಕ್ಕೆ ದೀಪ ಆರಬೇಕು. ಹುಡುಗಿ ಬೆಳಿಗ್ಗೆ ಏಳೂವರೆಗೆ ಡ್ಯೂಟಿ ಮುಗಿಸಿ ಬಂದು ಮಧ್ಯಾಹ್ನದವರೆಗೆ ಮಲಗುವವಳು. ಟೀಚರಿಗೆ ಅನ್ನ–ಸಾರು, ಹುಡುಗಿಗೆ ರೊಟ್ಟಿ, ಜತೆಗೆ ಮೊಟ್ಟೆ. ಮೊಟ್ಟೆಯ ವಾಸನೆ ಟೀಚರಿಗೆ ಆಗದು, ಗಂಟೆಯ ಸದ್ದು ಹುಡುಗಿಗೆ ಆಗದು. ನಳದಲ್ಲಿ ನೀರು ಬಂದ ದಿನ ಕೊಡ ತುಂಬಿಸುವವರು ಯಾರು ಅನ್ನುವುದಕ್ಕೆ ನಿತ್ಯ ಪಂಚಾಯಿತಿ. ಮಾತಾಡಿ ಬಗೆಹರಿಸಿಕೊಳ್ಳೋಣ ಎಂದರೆ ಒಬ್ಬರು ಮನೆಯಲ್ಲಿದ್ದಾಗ ಇನ್ನೊಬ್ಬರು ಇಲ್ಲ, ಇಬ್ಬರೂ ಇದ್ದಾಗ ಒಬ್ಬರು ನಿದ್ದೆಯಲ್ಲಿ!

ಕ್ಯಾಲೆಂಡರಿನ ಬೆನ್ನ ಮೇಲೆ

ಆಗ ಶುರುವಾಯಿತು ಚೀಟಿ ಯುದ್ಧ. ಹಳೇ ಕ್ಯಾಲೆಂಡರಿನ ಹಾಳೆ ಹರಿದು, ಅದರ ಹಿಂಬದಿಗೆ ಬರೆದು ಅಡುಗೆಮನೆಯ ಮೊಳೆಗೆ ಸಿಕ್ಕಿಸುವುದು. ‘ಮೊಟ್ಟೆ ಬಾಣಲಿ ನನ್ನ ಪಾತ್ರೆ ಜೊತೆ ಇಡಬಾರದು.’ ಅದಕ್ಕೆ ಉತ್ತರ, ‘ನಾನು ಮಲಗಿದಾಗ ಮಿಕ್ಸಿ ಹಾಕಬಾರದು.’ ‘ನಿನ್ನೆ ಗ್ಯಾಸ್ ಆಫ್ ಮಾಡಿರಲಿಲ್ಲ.’ ‘ಮಾಡಿದ್ದೆ. ನೀವೇ ಮರೆತಿರಬೇಕು.’ ನಾನು ಒಂದು ದಿನ ಮೇಲೆ ಹೋದಾಗ ಓದಿ, ನಗಬೇಕೋ ಅಳಬೇಕೋ ತಿಳಿಯದೆ ಕೆಳಗಿಳಿದು ಬಂದೆ. ಒಬ್ಬರಾದರೂ ತಿಂಗಳ ಕೊನೆಗೆ ಖಾಲಿ ಮಾಡುವುದು ಗ್ಯಾರಂಟಿ ಅಂದುಕೊಂಡೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋದದ್ದು ನಿಮಗೆ ನೆನಪಿರಬಹುದು. ಬೆಳಗಾಗುವುದರೊಳಗೆ ಊರೆಲ್ಲ ಅದೇ ಮಾತು. ಹೊಳೆಗೆ ನೀರು ಹೆಚ್ಚಾದರೆ ಮೊದಲು ಆತಂಕ ಕಂಪ್ಲಿಗೆ, ಅಲ್ಲಿನ ಸೇತುವೆಗೆ. ಟೀಚರ ತಾಯಿ ಹೊಳೆ ಕಡೆಯ ಮನೆಯಲ್ಲಿ ಒಬ್ಬರೇ ಇದ್ದರು. ಟೀಚರು ರಾತ್ರಿಯೆಲ್ಲ ಫೋನು ಹಿಡಿದು ಕೂತಿದ್ದು ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾದದ್ದು ಡ್ಯೂಟಿ ಮುಗಿಸಿ ಬಂದ ಹುಡುಗಿಗೆ. ಅವತ್ತಿನ ಚೀಟಿಯಲ್ಲಿ ಬೈಗುಳ ಇರಲಿಲ್ಲ. ‘ಅಮ್ಮ ಹೇಗಿದ್ದಾರ? ನಮ್ಮ ಆಸ್ಪತ್ರೆ ಡ್ರೈವರ್ ಕಂಪ್ಲಿಯವ. ಬೇಕಾದ್ರ ಅವನ ಕಡಿಂದ ವಿಚಾರಿಸ್ತೀನಿ.’

ಕೆಳಗೆ ಟೀಚರ ಅಕ್ಷರ, ‘ಚೆನ್ನಾಗಿದ್ದಾರೆ. ಅಕ್ಕನ ಮನೆಗೆ ಹೋಗಿದ್ದಾರೆ. ಡಬ್ಬಿಯಲ್ಲಿ ಚಿತ್ರಾನ್ನ ಇದೆ, ತಿಂದು ಮಲಗು.’

ಅಷ್ಟೇ. ಎರಡು ತಿಂಗಳ ಜಗಳದ ನಡುವೆ ಮೊದಲ ಸಲ ಒಬ್ಬರ ಮನಸ್ಸು ಇನ್ನೊಬ್ಬರಿಗೆ ಕಂಡಿತ್ತು.

ಅದಾದ ಎರಡೇ ದಿನಕ್ಕೆ ಶ್ರಾವಣ ಸೋಮವಾರ. ಟೀಚರು ಉಪವಾಸ. ಮಂಗಳವಾರ ಬೆಳಿಗ್ಗೆ ಹುಡುಗಿ ಬಂದು ನೋಡಿದರೆ ಮೊಳೆಯಲ್ಲಿ ಚೀಟಿ ಇಲ್ಲ, ಪೂಜೆಯ ಊದುಬತ್ತಿ ವಾಸನೆ ಇಲ್ಲ. ಬೇರೆ ಯಾರಾದರೂ ಆಗಿದ್ದರೆ ‘ಸದ್ಯ, ಇವತ್ತು ನಿದ್ದೆ ಬಂತು’ ಎಂದು ಮುಸುಕು ಹೊದೆಯುತ್ತಿದ್ದರೇನೋ! ಇವಳು ಬೆಡ್‌ರೂಮಿನ ಬಾಗಿಲು ತಳ್ಳಿದಳು. ಟೀಚರು ಬೆವತು ಒದ್ದೆಯಾಗಿ, ಕೈ ನಡುಗುತ್ತಾ, ತೊದಲುತ್ತಾ ಕೂತಿದ್ದರು. ಪಕ್ಕದಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆ.

ಅವರಿಗೆ ಸಕ್ಕರೆ ಕಾಯಿಲೆ ಇರುವುದು ಯಾರಿಗೂ ಗೊತ್ತಿರಲಿಲ್ಲ. ಗಂಡನನ್ನು ಬಿಟ್ಟು ಬಂದವಳು ಎಂಬ ಮಾತೇ ಸಾಕಾಗಿದೆ, ಇನ್ನು ರೋಗಿಷ್ಟೆ ಅನ್ನಿಸಿಕೊಳ್ಳುವುದು ಬೇಡ ಎಂದು ಮುಚ್ಚಿಟ್ಟಿದ್ದರಂತೆ. ಊಟ ಬಿಟ್ಟು ಮಾತ್ರೆ ಮಾತ್ರ ತಪ್ಪದೆ ನುಂಗಿದ್ದರು. ಹುಡುಗಿ ತನ್ನ ಬ್ಯಾಗಿನ ಮೀಟರಿನಲ್ಲಿ ನೋಡಿದಾಗ ಸಕ್ಕರೆ 48ಕ್ಕೆ ಇಳಿದಿತ್ತು. 70ಕ್ಕಿಂತ ಕೆಳಗೆ ಹೋದರೆ ಅಪಾಯದ ಗಂಟೆ. ಎಚ್ಚರವಿದ್ದು, ನುಂಗಲು ಆಗುತ್ತಿದ್ದುದರಿಂದ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಿದಳು. ಕಾಲು ಗಂಟೆ ಬಿಟ್ಟು ಮತ್ತೆ ನೋಡಿದಳು, ಏರಿತ್ತು. ಆಮೇಲೆ ಬಿಸ್ಕತ್ತು ತಿನ್ನಿಸಿ, ನನ್ನನ್ನು ಕೂಗಿ, ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ‘ಇನ್ನೂ ತಡವಾಗಿದ್ದರೆ ಎಚ್ಚರ ತಪ್ಪುತ್ತಿದ್ದರು’ ಎಂದರು ಡಾಕ್ಟರು.

ಹೆಸರು ಬೇಡ, ಕಥೆ ಬರೆಯಿರಿ ಎಂದು ಇಬ್ಬರೂ ಒಪ್ಪಿದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ. ಯಾಕೆಂದರೆ ಮನೆ ಹಂಚಿಕೊಳ್ಳುವುದು ಅಂದರೆ ಬಾಡಿಗೆ ಅರ್ಧ ಮಾಡುವುದಷ್ಟೇ ಎಂದು ನಾವು ತಿಳಿದಿರುತ್ತೇವೆ. ಆ ಬೆಳಿಗ್ಗೆ ನನಗೆ ಗೊತ್ತಾದದ್ದೇ ಬೇರೆ. ಒಂದು ದಿನ ನಾವು ಬಾಗಿಲು ತೆರೆಯದಿದ್ದರೆ, ಯಾಕೆ ತೆರೆದಿಲ್ಲ ಎಂದು ತಳ್ಳಿ ನೋಡುವ ಒಬ್ಬರು ಇರಬೇಕು.

ಹಾಗಾದರೆ ಹೊಂದಿಕೊಳ್ಳುವುದು ಹೇಗೆ?

ಸಿನಿಮಾದಲ್ಲಿ ಎರಡೂವರೆ ಗಂಟೆಗೆ ಎಲ್ಲ ಸರಿಹೋಗುತ್ತದೆ. ನಮಗೆ ಹಾಗಿಲ್ಲ. ನಮ್ಮ ಮಹಡಿ ಮನೆಯ ಅನುಭವದಿಂದ ನಾನು ಕಲಿತದ್ದನ್ನು ನಿಮ್ಮ ಮುಂದಿಡುತ್ತೇನೆ. ಹೊರ ಊರಿಗೆ ಮಗಳನ್ನು ಕಳಿಸುವ ತಾಯಂದಿರೂ ಓದಿಕೊಳ್ಳಿ.

ಸಾಮಾನು ಇಳಿಸುವ ಮುನ್ನ ಮಾತು: ಏಳುವುದು ಎಷ್ಟಕ್ಕೆ, ಮಲಗುವುದು ಎಷ್ಟಕ್ಕೆ, ಏನು ತಿನ್ನುತ್ತೀರಿ, ಯಾರು ಬರುತ್ತಾರೆ, ಊರಿಗೆ ಯಾವಾಗ ಹೋಗುತ್ತೀರಿ, ಈ ಐದು ಪ್ರಶ್ನೆ ಮೊದಲೇ ಕೇಳಿಬಿಡಿ. ಕೇಳಿದರೆ ಏನಂದುಕೊಳ್ಳುತ್ತಾರೋ ಎಂಬ ಸಂಕೋಚ ಬೇಡ. ಮೊದಲ ದಿನ ಕೇಳಿದರೆ ಅದು ವಿಚಾರಣೆ, ಮೂರನೇ ತಿಂಗಳು ಕೇಳಿದರೆ ಅದೇ ಜಗಳ.

ದುಡ್ಡಿನ ವಿಷಯ ಕಾಗದದ ಮೇಲಿರಲಿ: ಬಾಡಿಗೆ ಕರಾರುಪತ್ರದಲ್ಲಿ ಇಬ್ಬರ ಹೆಸರೂ ಇರಬೇಕು. ಸಾಮಾನ್ಯವಾಗಿ 11 ತಿಂಗಳಿಗೆ ಬರೆಸುತ್ತಾರೆ. ಒಂದು ವರ್ಷ ದಾಟಿದ ಕರಾರನ್ನು ನೋಂದಣಿ ಮಾಡಿಸಬೇಕಾಗುತ್ತದೆ, ಅದಕ್ಕೇ ಈ ಲೆಕ್ಕ. ಅಡ್ವಾನ್ಸಿನಲ್ಲಿ ಯಾರ ಪಾಲು ಎಷ್ಟು, ಒಬ್ಬರು ಬಿಟ್ಟುಹೋದರೆ ಎಷ್ಟು ದಿನ ಮುಂಚೆ ತಿಳಿಸಬೇಕು, ಅವರ ಪಾಲಿನ ದುಡ್ಡು ಕೊಡುವವರು ಮಾಲೀಕರೋ, ಹೊಸದಾಗಿ ಬರುವವರೋ, ಇದನ್ನೂ ಬರೆದುಕೊಳ್ಳಿ. ಅಡ್ವಾನ್ಸನ್ನು ಕೈಗೆ ಕೊಡುವ ಬದಲು ಬ್ಯಾಂಕಿನಿಂದಲೋ ಫೋನಿನಿಂದಲೋ ಕಳಿಸಿದರೆ ಗುರುತು ಉಳಿಯುತ್ತದೆ. ಕರೆಂಟ್ ಬಿಲ್ಲಿನದೂ ಅಷ್ಟೇ. 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಬಾಡಿಗೆದಾರರಿಗೂ ಅವಕಾಶ ಕೊಟ್ಟರು ನಿಜ. ಆದರೆ ಮಿತಿ ದಾಟಿದರೆ ಬರುವ ಬಿಲ್ಲನ್ನು ಯಾರು ಕಟ್ಟಬೇಕು ಅನ್ನುವುದನ್ನು ಸರ್ಕಾರ ಹೇಳುವುದಿಲ್ಲ, ನೀವೇ ಹೇಳಿಕೊಳ್ಳಬೇಕು.

ಅಡುಗೆಮನೆಯಲ್ಲಿ ಗಡಿರೇಖೆ: ಅರ್ಧ ಜಗಳ ಹುಟ್ಟುವುದೇ ಇಲ್ಲಿ. ಊಟದ ಪದ್ಧತಿ ಬೇರೆಯಾದರೆ ಒಂದು ಬಾಣಲಿ, ಒಂದು ಚಮಚ, ಒಂದು ಗೂಡು ಬೇರೆ ಇಟ್ಟುಬಿಡಿ. ‘ನನ್ನ ಎದುರು ತಿನ್ನಬೇಡ’ ಅನ್ನುವ ಹಕ್ಕು ಯಾರಿಗೂ ಇಲ್ಲ. ಹಾಗೆಯೇ ‘ನಿಮ್ಮ ಮಡಿ ಎಲ್ಲ ನಾಟಕ’ ಅನ್ನುವ ಹಕ್ಕೂ ಇಲ್ಲ. ನಮ್ಮ ಮೇಲಿನ ಮನೆಯಲ್ಲಿ ಈಗ ಮೊಟ್ಟೆ ಬಾಣಲಿ ಕಿಟಕಿ ಪಕ್ಕದ ಮೊಳೆಯಲ್ಲಿ ಮರ್ಯಾದೆಯಿಂದ ತೂಗುತ್ತಿದೆ. ಪೂಜೆಯ ಗಂಟೆಗೆ ಬಟ್ಟೆ ಸುತ್ತಿದೆ!

ಸಿಟ್ಟು ಬಂದಾಗ ಬರೆಯಬೇಡಿ, ತಣ್ಣಗಾದ ಮೇಲೆ ಬರೆಯಿರಿ: ಚೀಟಿ ಒಳ್ಳೆಯದು, ವಾಟ್ಸ್‌ಆ್ಯಪ್ ಕೂಡ ಪರವಾಗಿಲ್ಲ. ಆದರೆ ‘ನೀವು ಯಾವಾಗಲೂ ಹೀಗೇ’ ಎಂದು ಶುರುಮಾಡಬೇಡಿ. ‘ಮಿಕ್ಸಿ ಸದ್ದಿಗೆ ನನಗೆ ಎಚ್ಚರ ಆಯ್ತು’ ಅನ್ನಿ. ಮೊದಲನೆಯದು ಆರೋಪ, ಎರಡನೆಯದು ನಿಮ್ಮ ಕಷ್ಟ. ಆರೋಪಕ್ಕೆ ಜನ ಉತ್ತರ ಕೊಡುತ್ತಾರೆ, ಕಷ್ಟಕ್ಕೆ ದಾರಿ ಹುಡುಕುತ್ತಾರೆ. ಮೂರನೆಯವರ ಬಳಿ ದೂರುವ ಮುನ್ನ ಅವರಿಗೇ ಒಂದು ಸಲ ಹೇಳಿ. ನನ್ನ ಹತ್ತಿರ ಇಬ್ಬರೂ ದೂರಿದಾಗ ನಾನು ‘ಹೌದ್ರಿ, ಹೌದ್ರಿ’ ಅಂದದ್ದರಿಂದ ಏನೂ ಬಗೆಹರಿಯಲಿಲ್ಲ.

ಮುಟ್ಟಬಾರದ ಮೂಲೆ: ಫೋನು, ಡೈರಿ, ಬೀರು, ಬಂದ ಪತ್ರ, ಇವನ್ನು ಕೇಳದೆ ಮುಟ್ಟಬೇಡಿ. ‘ನಾವಿಬ್ರೂ ಅಕ್ಕ–ತಂಗಿ ಹಂಗ’ ಎಂಬ ಸಲಿಗೆ ಬಂದ ಮೇಲೂ ಮುಟ್ಟಬೇಡಿ. ಅವರ ಮನೆಯ ಗುಟ್ಟು ನಿಮ್ಮ ಕಿವಿಗೆ ಬಿದ್ದರೆ ನಿಮ್ಮ ಕಿವಿಯಲ್ಲೇ ಉಳಿಯಲಿ.

ಮುಚ್ಚಿಡಬಾರದ ಮೂರು: ನಿಮಗಿರುವ ಕಾಯಿಲೆ, ನೀವು ನುಂಗುವ ಮಾತ್ರೆ, ತುರ್ತಿಗೆ ಫೋನು ಮಾಡಬೇಕಾದ ಒಬ್ಬರ ನಂಬರು. ಈ ಮೂರನ್ನು ಜತೆಗಿರುವವರಿಗೆ ತಿಳಿಸಿರಿ. ನಾಚಿಕೆಗಿಂತ ಜೀವ ದೊಡ್ಡದು. ಸಕ್ಕರೆ ಕಾಯಿಲೆಯವರು ಉಪವಾಸ ಮಾಡುವುದಿದ್ದರೆ ಮಾತ್ರೆ ಹೇಗೆ ತೆಗೆದುಕೊಳ್ಳಬೇಕು ಎಂದು ಡಾಕ್ಟರನ್ನು ಮೊದಲೇ ಕೇಳಿಕೊಳ್ಳಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ, ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಗೋಡೆ ಮೇಲೆ 112 ಮತ್ತು ಮಹಿಳಾ ಸಹಾಯವಾಣಿ 181, ಈ ಎರಡು ನಂಬರು ಬರೆದಿಡಿ.

ಆಗದಿದ್ದರೆ ಹೊರಡಿ: ಹೊಂದಿಕೊಳ್ಳುವುದು ಬೇರೆ, ಸಹಿಸಿಕೊಳ್ಳುವುದು ಬೇರೆ. ಜತೆಗಿರುವವರು ನಿಮ್ಮ ದುಡ್ಡು ತೆಗೆಯುತ್ತಿದ್ದರೆ, ಬೆದರಿಸುತ್ತಿದ್ದರೆ, ನಿಮಗೆ ಹೆದರಿಕೆಯಾಗುವ ಜನರನ್ನು ಮನೆಗೆ ಕರೆತರುತ್ತಿದ್ದರೆ ಅಲ್ಲಿ ಸಿನಿಮಾದ ಕೊನೆಯ ಸೀನಿಗೆ ಕಾಯಬೇಡಿ. ಅಡ್ವಾನ್ಸು ಹೋದರೂ ಹೋಗಲಿ, ಮೊದಲು ಹೊರಬನ್ನಿ.

ಮದುವೆಯೂ ಇದೇ ಅಲ್ಲವಾ?

ಇಷ್ಟೆಲ್ಲ ಬರೆಯುವಾಗ ನನಗೆ ನನ್ನದೇ ಮದುವೆಯ ಹೊಸತು ನೆನಪಾಯಿತು. ನಮ್ಮಲ್ಲಿ ಬಹುಪಾಲು ಹೆಣ್ಣುಮಕ್ಕಳು ಹೊಕ್ಕುವ ಮನೆ ಅಪರಿಚಿತರ ಮನೆಯೇ. ಬಾಡಿಗೆ ಮನೆಯ ಜತೆಗಾತಿಗಾದರೂ ‘ಎಷ್ಟಕ್ಕೆ ಏಳುತ್ತೀರಿ’ ಎಂದು ಕೇಳುತ್ತೇವೆ. ಬದುಕೆಲ್ಲ ಜತೆಗಿರಬೇಕಾದ ಗಂಡನನ್ನು ಎಷ್ಟು ಮಂದಿ ಕೇಳುತ್ತೇವೆ? ಹುಡುಗಿ ನೋಡುವ ಶಾಸ್ತ್ರದಲ್ಲಿ ಉಪ್ಪಿಟ್ಟು ಕೊಟ್ಟು ಬರುವಷ್ಟರಲ್ಲಿ ಮಾತು ಮುಗಿದಿರುತ್ತದೆ.

ನಮ್ಮ ಹಂಪಿಯನ್ನೇ ನೋಡಿ. ಪಂಪಾದೇವಿಗೂ ವಿರೂಪಾಕ್ಷನಿಗೂ ಮಾರ್ಗಶಿರದಲ್ಲಿ ಫಲಪೂಜೆ ಎಂದು ನಿಶ್ಚಿತಾರ್ಥ ಮಾಡುತ್ತಾರೆ. ಮದುವೆ, ರಥೋತ್ಸವ ಎಲ್ಲ ಚೈತ್ರದಲ್ಲಿ. ದೇವರಿಗೇ ನಡುವೆ ಅಷ್ಟು ತಿಂಗಳ ಪುರುಸೊತ್ತು ಕೊಟ್ಟಿದ್ದಾರೆ! ನಮ್ಮ ಹೆಣ್ಣುಮಕ್ಕಳಿಗೆ ಮಾತ್ರ ‘ಈ ತಿಂಗಳು ಬಿಟ್ಟರೆ ಮುಹೂರ್ತ ಇಲ್ಲ’ ಎಂಬ ಅವಸರ.

ಮೇಲಿನ ಮನೆಯ ಹುಡುಗಿಗೂ ಈಗ ಗಂಡು ನೋಡುತ್ತಿದ್ದಾರೆ. ಹೋದ ತಿಂಗಳು ಒಬ್ಬರು ಬಂದು ಹೋದರು. ಹುಡುಗ ಒಳ್ಳೆಯವನೇ, ಆದರೆ ಇವಳಿಗೆ ಏನು ಕೇಳಬೇಕೆಂದು ತೋಚಿರಲಿಲ್ಲ. ಟೀಚರು ಒಂದು ಹಾಳೆಯಲ್ಲಿ ಬರೆದುಕೊಟ್ಟರು. ರಾತ್ರಿಪಾಳಿ ಇದ್ದರೆ ಒಪ್ಪಿಗೆಯಾ? ಸಂಬಳ ಯಾರ ಕೈಲಿರುತ್ತದೆ? ಸಿಟ್ಟು ಬಂದಾಗ ಏನು ಮಾಡುತ್ತೀರಿ? ಕೊನೆಯ ಪ್ರಶ್ನೆಯ ಕೆಳಗೆ ಗೆರೆ ಎಳೆದಿದ್ದರು. ‘ನಾನು ಕೇಳ್ಲಿಲ್ಲ ತಂಗಿ. ನೀನು ಕೇಳು’ ಅಂದರಂತೆ. ತನ್ನ ಬದುಕಿನ ಬಗ್ಗೆ ಅವರು ಈ ಮನೆಯಲ್ಲಿ ಆಡಿದ ಮೊದಲ ಮಾತು ಅದು ಎಂದಳು ಹುಡುಗಿ.

ಹುಡುಗಿ ಕೇಳಿದಳು. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಊಟ ಬಿಡ್ತೀನಿ’ ಅಂದನಂತೆ. ನಮ್ಮತ್ತೆಗೆ ನಗು ತಡೆಯಲಾಗಲಿಲ್ಲ, ‘ಅಡ್ಡಿಯಿಲ್ಲ ಬಿಡು, ತಾಟು ಒಗಿಯೋನಿಗಿಂತ ಊಟ ಬಿಡೋನು ವಾಸಿ!’ ಮಾತುಕತೆ ಇನ್ನೂ ನಡೆದಿದೆ. ಏನಾಗುತ್ತದೋ ನೋಡಬೇಕು. ಆದರೆ ಕೇಳಿಯೇ ಮುಂದೆ ಹೋಗುತ್ತಾಳೆ ಅನ್ನುವ ಸಮಾಧಾನ ನನಗಿದೆ.

ಭಾನುವಾರ ಸಿನಿಮಾ ಮುಗಿಯಿತು. ಶ್ರುತಿ ಯಾರು, ವೈ.ಜಿ. ರಾವ್ ಯಾರು ಎಂದು ಎಲ್ಲರಿಗೂ ತಿಳಿಯಿತು. ನಮ್ಮತ್ತೆ ಕಣ್ಣೊರೆಸಿಕೊಂಡರು. ಇಬ್ಬರೂ ‘ಬರ್ತೀವ್ರಿ ಅಕ್ಕಾ’ ಎಂದು ಮೆಟ್ಟಿಲು ಹತ್ತಿದರು. ಐದು ನಿಮಿಷವೂ ಆಗಿರಲಿಲ್ಲ, ಮೇಲಿನಿಂದ ದನಿ ಕೇಳಿತು.

‘ನಳ ಬಂದು ಹೋಗೇತಿ! ಕೊಡ ತುಂಬ್ಸೋ ಪಾಳಿ ಇವತ್ತು ಯಾರ್ದಿತ್ತು?’

‘ನಿಮ್ದ ಇತ್ರಿ ಟೀಚರ್!’

‘ನಂದಾ? ಮೊಳಿ ನೋಡು, ಬರ್ದೇನಿ!’

ನಾನು ಒಲೆಯ ಕಡೆ ಓಡಿದೆ. ಸಾರು ತಳ ಹಿಡಿದಿತ್ತು. ಆದರೂ ಯಾಕೋ ಬೇಜಾರಾಗಲಿಲ್ಲ. ಎರಡು ಕೊಡ ನೀರನ್ನು ನಮ್ಮ ಸಂಪಿನಿಂದಲೇ ಸೇದಿ, ಮೆಟ್ಟಿಲ ಮೇಲೆ ಇಟ್ಟು ಬಂದೆ.